ಸಭೆಯಲ್ಲಿ ಇಲ್ಲದವಳಿಗೆ

ಅಥಣಿ
ಏಪ್ರಿಲ್ 8, 2025

ಪ್ರೀತಿಯ ತಂಗಿ ನೀಲಮಳಿಗೆ,

ಕರ್ತನ ಕೃಪೆಯಿಂದ ನಾವು ಕ್ಷೇಮ. ಅಸ್ಫಾಕ ಅವರೂ ಮೆಹೆಕಳೂ ಆರಾಮ ಇದ್ದಾರೆಂದು ನಂಬಿದ್ದೇನೆ. ಬರೆಯಲು ಇಷ್ಟು ತಡವಾದದ್ದಕ್ಕೆ ಶಾಲೆಯ ಪರೀಕ್ಷೆಗಳ ನೆಪ ಹೇಳಬಹುದಿತ್ತು; ಹೇಳುವುದಿಲ್ಲ. ಫೋನಿನಲ್ಲಾದರೆ ಅರ್ಧಕ್ಕೇ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ.

ಮೊನ್ನೆ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನವಿತ್ತು. ಅವ್ವ ಮಾಡುತ್ತಿದ್ದಂತೆಯೇ ಒಣದ್ರಾಕ್ಷಿ ನೆನೆಸಿ, ಕಿವುಚಿ, ರಸ ಸೋಸಿ ಕೊಟ್ಟಿದ್ದೆ. ಸಭೆಯ ಹಿರಿಯರಾದ ಅಪ್ಪ ಎಂದಿನಂತೆ ಪುಟ್ಟ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. ಮನಸ್ತಾಪ ಇದ್ದವರು ಮೊದಲು ರಾಜಿಯಾಗಿ ಬನ್ನಿ ಎಂದು ಪಾಸ್ಟರು ನೆನಪಿಸುತ್ತಿದ್ದಂತೆ ತಟ್ಟೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಸಭೆಯ ಕಡೆ ತಿರುಗಿ ನಿಂತರು. ಮುಂದಿನ ಚಾಪೆಯಿಂದ ಶೇವಂತಾ ಆಯಿ, "ಹೇಳೂದಿದ್ರ ಲಗೂನ ಹೇಳ್ರಿ ಹಿರ್ಯಾರ, ಬಿಸಲಿಗೆ ರಸ ಹುಳಿ ಆಗ್ತೈತಿ" ಎಂದಳು.

ನಗು ಅಡಗಿದ ಮೇಲೆ ಅಪ್ಪ ಹೇಳಿದರು: "ಅಸ್ಫಾಕನ್ನ ಲಗ್ನ ಆದ್ಲಂತ ಮಗಳನ್ನ ಹೊರಗ ಹಾಕಿದೆ. ಪಶ್ಚಾತ್ತಾಪಪಟ್ಟು ಬಾ ಅಂತ ಆಕಿಗೆ ಹೇಳಿದಾಂವ ನಾ. ಪಡಬೇಕಾದಾಂವನೂ ನಾನ."

ಎಲ್ಲರೂ ಅತ್ತರು. ನನಗೆ ಮಾತ್ರ ಸಿಟ್ಟು ಬಂತು. ಅದು ಸರಿಯೋ ತಪ್ಪೋ ಇನ್ನೂ ತಿಳಿದಿಲ್ಲ. ಮನೆಗೆ ಬಂದು, "ಅಪ್ಪಾ, ಸಭಾದಾಗ ನೀಲಮ ಇರಲಿಲ್ಲಲ್ರಿ" ಎಂದೆ.

ಅಪ್ಪ ಊಟದ ತಾಟು ಸರಿಸಿದರು. ಆಮೇಲೆ, "ಖರೇ ಐತಿ. ಬರೂ ಐತವಾರ ನಿಪ್ಪಾಣಿಗೆ ಆಕಿ ಮನಿಗೆ ಹೋಗೂಣು."

"ಅವತ್ತ ಗರಿಗಳ ಐತವಾರರಿ, ಸಭಾದ ಮೆರವಣಿಗಿ ಐತಿ."

"ಗರಿ ಹಿಡ್ಯಾಕ ಮಂದಿ ಅದಾರವಾ. ಇದಕ್ಕ ನಾನ ಹೋಗಬೇಕು."

ಅಂದಿನಿಂದ "ಮೆಹೆಕ, ಮೆಹೆಕ" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿರುತ್ತಾರೆ. ಮೊಮ್ಮಗಳ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಈ ಭಾನುವಾರ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದೊಳಗೆ ಬರುತ್ತೇವೆ. ನೀನು ಬಾಗಿಲು ತೆರೆಯಲೇಬೇಕೆಂದಿಲ್ಲ. ಮೆಟ್ಟಿಲ ಮೇಲೆ ಕುಳಿತು ಹೇಳಿ ಬರಲೂ ಅಪ್ಪ ಸಿದ್ಧರಿದ್ದಾರೆ.

ದೇವರು ನಿಮ್ಮ ಮೂವರನ್ನೂ ಕಾಯಲಿ.

ನಿನ್ನ ಅಕ್ಕ,
ಭಾಗ್ಯಾ

ತಾ.ಕ.: ಅಪ್ಪನಿಗೆ ಹೇಳಿದ್ದನ್ನು ನನಗೂ ಹೇಳಿಕೊಳ್ಳಬೇಕಲ್ಲ. ಅವ್ವ ದಿಢೀರನೆ ತೀರಿಹೋದಳೆಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಹಾಸಿಗೆ ಹಿಡಿದು ದಿನಗಟ್ಟಲೆ "ನೀಲಾನ್ನ ಕರೀರಿ" ಅನ್ನುತ್ತಿದ್ದಳು. ಬೇಡ ಎಂದವರು ಅಪ್ಪ. ಫೋನು ಇದ್ದದ್ದು ನನ್ನ ಕೈಯಲ್ಲಿ. ಅವರ ಪಾಲಿನದನ್ನು ಅವರು ಹೇಳುತ್ತಾರೆ. ಇದು ನನ್ನದು. ಅಪ್ಪನಿಗೆ ಬಾಗಿಲು ತೆರೆ, ನೀಲಾ. ನೀನು ಕರೆಯುವ ತನಕ ನಾನು ಮೆಟ್ಟಿಲ ಮೇಲೆ ಕಾದಿರುತ್ತೇನೆ.