ಕಮಾನಿನ ಇಟ್ಟಿಗೆ

ಬನವಾಸಿ
೨೦-೧-೨೦೦೦

ನನ್ನ ಮುದ್ದಿನ ಸೊಸೆ ದಾಕ್ಷಾಯಿಣಿಗೆ ಸೋದರಮಾವ ಅಂದಾನಪ್ಪನ ಆಶೀರ್ವಾದಗಳು.

ಏಳನೆಯ ಇಯತ್ತೆ ಕಲಿತವನಾದರೂ ಈ ಓಣಿಯಲ್ಲಿ ನನ್ನಂತೆ ಪತ್ರ ಬರೆಯುವವರು ಇನ್ನೊಬ್ಬರಿಲ್ಲ. ಆದರೂ ನಿನಗೆ ಉತ್ತರ ಬರೆಯಲು ಇಷ್ಟು ದಿನ ಕೈ ಏಳಲಿಲ್ಲ. ಪುಣೆಯ ಮಿಲಿಟರಿ ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳಾದರೂ ಗಂಡ ಒಂದು ಸಾಲು ಬರೆದಿಲ್ಲ, ನನ್ನ ಮೇಲೆ ಮನಸ್ಸಿಲ್ಲವೇನು ಮಾಮಾ ಎಂದು ಕೇಳಿದ್ದೀ. ಬಸುರಿ ಹೆಂಗಸು ಅಂಥ ಗಾಯ ನೋಡಬಾರದೆಂದು ನಿನ್ನವ್ವ ನಿನ್ನನ್ನು ತವರಿನಲ್ಲಿ, ಇಸಳೂರಿನಲ್ಲೇ ಹಿಡಿದಿಟ್ಟಿದ್ದಾಳೆ. ನನ್ನ ಅಕ್ಕನೇ ಆದರೂ ತಪ್ಪು ಮಾಡಿದಳು.

ಇದ್ದದ್ದು ಬರೆಯುತ್ತೇನೆ. ಕಾರ್ಗಿಲ್‌ನಲ್ಲಿ ಆನಂದನ ಕಾಲು ಹೋದದ್ದು ನಿನಗೆ ಗೊತ್ತು. ಅವನು ಊಟ ಬಿಟ್ಟದ್ದು ಗೊತ್ತಿಲ್ಲ. ದಿನಕ್ಕೆ ಅರ್ಧ ರೊಟ್ಟಿ, ನೀರುಮಜ್ಜಿಗೆ, ಅಷ್ಟೇ. ನಿನ್ನತ್ತೆ ನೀಲಗಂಗವ್ವ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ನಾನು ಹೋಳಿಗೆ ಒಯ್ದು, ಮುನಿದ ದೇವರೂ ನನ್ನ ಮಾತಿಗೆ ಉಣ್ಣುತ್ತಾನೆ ಎಂದು ಬಡಾಯಿ ಹೊಡೆದೆ. ಅವನು ಮುಟ್ಟಲಿಲ್ಲ.

ಒಂದು ಬೆಳಗಿನ ಜಾವ ಚೊಂಬು ಹಿಡಿದು ಹೊರಟಿದ್ದೆ. ಮಂಜಿನಲ್ಲಿ ನಿನ್ನ ಮಾವ ಚನ್ನಯ್ಯನವರು ಎದುರಾದರು. ಬೆನ್ನ ಮೇಲೆ ಮಗ. ಕುಕ್ಕರಗಾಲಲ್ಲಿ ಕೂರಲಾರದವನನ್ನು ಬಯಲಿಗೆ ಹೊತ್ತು ತಂದು, ಹಿಡಿದು ನಿಂತು, ಮತ್ತೆ ಹೊತ್ತು ಒಯ್ಯುತ್ತಿದ್ದರು. ನನ್ನನ್ನು ಕಂಡು ಆನಂದ ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡ. ಇಷ್ಟು ಬಾಯಿಯವನು ನಾನು, ಬೇಲಿಯ ಕಡೆ ತಿರುಗಿ ನಿಂತೆ. ತಿಂದರೆ ಅಪ್ಪ ಹೊರಬೇಕು. ಅದಕ್ಕೇ ತಿನ್ನುತ್ತಿರಲಿಲ್ಲ.

ಟೀವಿಯಲ್ಲಿ ಯುದ್ಧ ಜುಲೈಗೇ ಮುಗಿಯಿತು. ಈ ಮನೆಯಲ್ಲಿ ನಡೆದೇ ಇದೆ. ಪುಣೆಗೆ ಓಡಾಡುವ ಖರ್ಚಿಗೆ ಎತ್ತುಗಳು ಹೋದವು, ಗದ್ದೆ ಬೇರೆಯವರ ಪಾಲಿಗೆ ಬಿತ್ತು. ನಿನ್ನ ನಾದಿನಿ ಟೀಚರ್ ಟ್ರೇನಿಂಗ್ ಬಿಟ್ಟು ಅಣ್ಣನ ಆರೈಕೆಗೆ ನಿಂತಳು. ಇದನ್ನು ಯಾವ ಪೇಪರಿನವನೂ ಬರೆಯಲಿಲ್ಲ.

ಊರವರೋ, ಜನವರಿ ಇಪ್ಪತ್ತಾರಕ್ಕೆ ಅವನ ಹೆಸರಿನಲ್ಲಿ ಕಮಾನು ಕಟ್ಟಲು ಮನೆಮನೆಯಿಂದ ದುಡ್ಡು ಕೇಳಿ ವರ್ಗಣಿ ಎತ್ತಿದ್ದರು. ಕಮಿಟಿಗೆ ಹಿರಿಯ ಯಾರು? ನಾನೇ! ಇಟ್ಟಿಗೆ, ಸಿಮೆಂಟು ಬಂದು ಬಿದ್ದಿದ್ದವು. ಗೌಂಡಿ ಮಧುಕೇಶ್ವರನಿಗೆ ಹೇಳಿ ಅಷ್ಟನ್ನೂ ಚನ್ನಯ್ಯನವರ ಹಿತ್ತಲಿಗೆ ಸಾಗಿಸಿದೆ. ಶಿರಸಿಯಿಂದ ಕುರ್ಚಿಯ ಮೇಲೆ ಕೂತಂತೆ ಕೂರುವ ಕಮೋಡನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ‘ನಿನ್ನ ಬಸ್ಸಿನ ಸೀಟಿಗಿಂತ ಚಲೋ ಐತಿ, ನೀನೂ ಒಮ್ಮೆ ಕುಂತು ನೋಡು’ ಎಂದೆ. ಬಸ್ಸೆಲ್ಲ ನಕ್ಕಿತು.

ಕಮಿಟಿಯವರು ನಗಲಿಲ್ಲ. ‘ಯೋಧನ ಹೆಸರಿನ ಇಟ್ಟಂಗಿ ಕಕ್ಕಸಿಗೆ ಹಾಕೀರಲ್ರೀ, ನಾಚಿಕಿ ಇಲ್ಲೇನು?’ ಎಂದು ಹಿತ್ತಲಿಗೇ ಬಂದು ಕೂಗಾಡಿದರು. ‘ಕಮಾನಿನ ಕೆಳಗ ಹಾಯಾಕ ಮೊದಲು ಅವ ಉಂಡು, ಎದ್ದು, ಮನಿಯಿಂದ ಹೊರಗ ಬರಬೇಕಲ್ರೋ’ ಎಂದೆ. ಚನ್ನಯ್ಯನವರು ಗೌಂಡಿಗೆ ಇಟ್ಟಿಗೆ ಎತ್ತಿಕೊಡುತ್ತಲೇ ಇದ್ದರು. ಅವರನ್ನು ನೋಡಿ ಒಬ್ಬೊಬ್ಬರೇ ಹೊರಟುಹೋದರು.

ನಿನ್ನೆ ಆನಂದ ಹೊಸ ಕಕ್ಕಸಿಗೆ, ಗೋಡೆಗೆ ಹಾಕಿಸಿದ ಪೈಪು ಹಿಡಿದು, ಒಬ್ಬನೇ ಹೋಗಿ ಬಂದ. ಬಂದವನೇ, ‘ಅವ್ವಾ, ರೊಟ್ಟಿ ಹಾಕು’ ಎಂದ. ಆಮೇಲೆ ಇನ್ನೊಂದು ಕೇಳಿದ. ನಿನ್ನತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಡಿದ ರೊಟ್ಟಿಗೆ ಆಕಾರವೇ ಇರಲಿಲ್ಲ.

ಅವನ ಮುಂದೆ ನಿನ್ನ ಮಾತು ತೆಗೆದೆ. ‘ಅಪ್ಪ ನನ್ನ ಹೊರೋದನ್ನ ಆಕಿ ನೋಡಬಾರದು ಅಂತ ಬರೀಲಿಲ್ಲ ಮಾಮಾ’ ಎಂದ. ಮನಸ್ಸಿಲ್ಲದೆ ಅಲ್ಲ, ಮಗಳೇ.

ಬರುವುದು, ಬಿಡುವುದು ನಿನ್ನ ಇಚ್ಛೆ. ಬರುವುದಾದರೆ ಗಾಡಿ ಮಾಡಿಕೊಂಡು ನಾನೇ ಬರುತ್ತೇನೆ. ನಿನ್ನವ್ವನನ್ನು ಒಪ್ಪಿಸುವುದು ನನಗೆ ಬಿಡು.

ಇಂತಿ,
ಇಡೀ ಊರಿಗೆ ಬುದ್ಧಿ ಹೇಳುವ ನಿನ್ನ ಮಾಮಾ
ಅಂದಾನಪ್ಪ

ತಾ.ಕ.: ಇದನ್ನೆಲ್ಲ ಆನಂದನಿಗೆ ಓದಿ ಹೇಳಿದೆ. ಬಡಾಯಿ ಭಾಳ ಆತು ಎಂದ. ಬಯಲಿನ ಸಂಗತಿ ಹೊಡೆದುಹಾಕಲೇ ಎಂದು ಕೇಳಿದೆ. ‘ಇರ್ಲಿ, ಆಕಿಗೆ ಗೊತ್ತಾಗ್ಲಿ’ ಎಂದ. ಪೋಸ್ಟಿಗೆ ತಾನೇ ಹಾಕುತ್ತೇನೆಂದು ಕಂಕುಳಕೋಲು ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಲಕೋಟೆಯ ಮೇಲಿನ ಅಕ್ಷರ ಯಾರದೆಂದು ನಾನು ಹೇಳಬೇಕಿಲ್ಲ.