ಇಲ್ಲದ ಕಾಟಿ

ಮಾನ್ಯ ವಲಯ ಅರಣ್ಯಾಧಿಕಾರಿಗಳಿಗೆ,

ಸಂಸೆಯ ಚಾರಣ ಗೈಡ್ ಪಂಚಮಿಯ ನಮಸ್ಕಾರಗಳು.

ಚಿಕ್ಕಮಗಳೂರಿನಿಂದ ತಮ್ಮ ಆಫೀಸಿನವರನ್ನು ಕರೆತಂದಿದ್ದ ಚಂದ್ರಹಾಸ ಅವರು ನನ್ನ ಮೇಲೆ ಕೊಟ್ಟ ದೂರು ನಿಜ. ಭಾನುವಾರ ಶಿಖರಕ್ಕೆ ಇನ್ನೂ ಅರ್ಧ ಗಂಟೆ ದಾರಿ ಇರುವಾಗ, "ಮೇಲೆ ಕಾಟಿ ಹಿಂಡಿದೆ, ವಾಪಸ್ ಹೋಗೋಣ" ಎಂದು ನಾನೇ ಎಲ್ಲರನ್ನೂ ಇಳಿಸಿದೆ. ಅಲ್ಲಿ ಒಂದೇ ಒಂದು ಕಾಡುಕೋಣವೂ ಇರಲಿಲ್ಲ. ಅದರ ಹೆಜ್ಜೆ, ಸಗಣಿ ಏನೂ ಇರಲಿಲ್ಲ.

ಹುಲ್ಲುಗಾವಲು ಶುರುವಾದಲ್ಲಿಂದ ಚಂದ್ರಹಾಸ ಅವರು ಹತ್ತು ಹೆಜ್ಜೆಗೊಮ್ಮೆ ಫೋಟೊ ತೆಗೆಯುವ ನೆಪದಲ್ಲಿ ನಿಲ್ಲುತ್ತಿದ್ದರು. ಮೊಬೈಲು ಮಾತ್ರ ಜೇಬಿನಿಂದ ಹೊರಗೆ ಬರಲೇ ಇಲ್ಲ. ಆ ಚಳಿಗಾಳಿಯಲ್ಲೂ ಬೆವರುತ್ತ ಎಡಗೈ ತಿಕ್ಕಿಕೊಳ್ಳುತ್ತಿದ್ದರು. "ಸುಸ್ತಾಯ್ತಾ ಸಾರ್?" ಅಂದೆ. ಕೈಕೆಳಗಿನವರತ್ತ ಒಮ್ಮೆ ನೋಡಿ, "ನಂಗಾ? ನಡಿಯಮ್ಮ ನೀನು" ಎಂದು ಇನ್ನೂ ಜೋರಾಗಿ ಹತ್ತಿದರು.

ನನ್ನ ಅಪ್ಪನೂ ಇದೇ ದಾರಿಯಲ್ಲಿ ಗೈಡ್ ಆಗಿದ್ದರು. ಬದುಕಿನ ಕೊನೆಯ ದಿನ ಅವರೂ ಹೀಗೇ ಕೈ ತಿಕ್ಕಿಕೊಂಡರು, ನಾನು ಕೇಳಿದ್ದಕ್ಕೆ ಹೀಗೇ ಬೇಗ ನಡೆದರು. ಕಾಟಿಗೆ ಹೆದರಿ ಹಿಂದೆ ಬಂದರೆ ಯಾರಿಗೂ ಅವಮಾನವಿಲ್ಲ. ಅದಕ್ಕೇ ಕಾಟಿ ಅಂದೆ. ನಾಳೆಯೂ ಅನ್ನುತ್ತೇನೆ.

ನನ್ನ ಗೈಡ್ ಕಾರ್ಡ್ ರದ್ದು ಮಾಡುವುದು ನಿಮಗೆ ಬಿಟ್ಟಿದ್ದು. ಅದಕ್ಕೂ ಮೊದಲು, ಇವತ್ತೇ ಅವರಿಗೊಂದು ಫೋನ್ ಮಾಡಿ. ದೂರಿನ ಜೊತೆ ಇಸಿಜಿ ವರದಿ ಲಗತ್ತಿಸಿದರೆ ಮಾತ್ರ ವಿಚಾರಣೆ ಎಂದು ಹೇಳಿ.

ಅಂಥ ನಿಯಮ ಇಲ್ಲ, ನನಗೆ ಗೊತ್ತು. ಮೇಲೆ ಕಾಟಿಯೂ ಇರಲಿಲ್ಲ ಸಾರ್.

ಇತಿ ನಿಮ್ಮ ವಿಶ್ವಾಸಿ,
ಪಂಚಮಿ