ಪಿಕಪ್ ಇಲ್ಲದ ಗಾಡಿ

ಜೂನ್ 4, ಬೆಳಗ್ಗೆ 11.30

ಇವತ್ತೂ ಅದೇ ಕತೆ. ಇವಳ ಮಂಡಿಯ ಫಿಸಿಯೋಥೆರಪಿ ಮುಗಿಸಿಕೊಂಡು ಕ್ಲಿನಿಕ್ಕಿನಿಂದ ಹೊರಟೆ. ದೊಡ್ಡ ರಸ್ತೆಗೆ ಸೇರುವ ಏರು. ಒತ್ತಿದೆ. ಪೂರ್ತಿ ಒತ್ತಿದೆ. ಗಾಡಿ ಹೊಟ್ಟೆತುಂಬ ಊಟ ಮಾಡಿ ಎದ್ದವರ ಹಾಗೆ ಹೊರಟಿತು. ಹಿಂದಿನಿಂದ ಲಾರಿ. ಅದು ಹಾರ್ನ್ ಅಲ್ಲ, ಬೈಗುಳ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನಿಗೆ ಬೀದಿಯಲ್ಲಿ ಬೈಸಿಕೊಳ್ಳುವ ಯೋಗ!

ಹೈಬ್ರಿಡ್ ಅಂತೆ. ಬ್ಯಾಟರಿ ಒಂದು, ಪೆಟ್ರೋಲ್ ಒಂದು — ಎರಡೆರಡು ಶಕ್ತಿ ಅಂತೆ. ನೀನು ಎಳೆ, ನೀನು ಎಳೆ ಅಂತ ಎರಡೂ ಕೂತಿರಬೇಕು. ಪೆಡಲ್ ಕೂಡ ಗಿಡ್ಡ. ಒತ್ತುವ ಮೊದಲೇ ನೆಲ ಸಿಗುತ್ತದೆ. ಈಗಿನ ಗಾಡಿಗಳೇ ಹೀಗೆ.

"ಒಳರಸ್ತೇಲೇ ಹೋಗೋಣ ರೀ. ಮಗಳೂ ಎಷ್ಟು ದಿನದಿಂದ ಹೇಳ್ತಿದಾಳೆ" — ಇವಳು. ಮಗಳು ಈಗ ಸ್ಕೂಲಿನ ಯಜಮಾನಿ. ಕ್ಲಚ್ ಯಾವುದು ಅಂತ ನಾನೇ ತೋರಿಸಿಕೊಟ್ಟವಳು. ನನಗೇ ದಾರಿ ಹೇಳುತ್ತಾಳೆ.

ಜೂನ್ 6

ಅಳೆದೇ ಬಿಟ್ಟೆ. ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಸ್ಟಾಪ್‌ವಾಚ್ ಇವಳ ಕೈಗೆ ಕೊಟ್ಟೆ. ನಿಂತಲ್ಲಿಂದ ಅರವತ್ತಕ್ಕೆ — ಹತ್ತು ಸೆಕೆಂಡ್. ಇನ್ನೊಮ್ಮೆ — ಹತ್ತೂವರೆ. ಪುಸ್ತಕದಲ್ಲಿ ಐದೂವರೆ ಅಂತ ಅಚ್ಚು ಹಾಕಿಸಿದ್ದಾರೆ. ಯಾರ ಕಿವಿಗೆ ಹೂವಿಡುತ್ತಾರೆ?

ಮೊದಲ ಎರಡು ವಾರ ಹೀಗಿರಲಿಲ್ಲ. ಮುಟ್ಟಿದರೆ ಹಾರುತ್ತಿತ್ತು. ಆ ಬೆಂಚಿನ ಪ್ರಕರಣದ ನಂತರವೇ ಹೀಗೆ. ಕ್ಲಿನಿಕ್ ಮುಂದೆ ನಿಲ್ಲಿಸುವಾಗ ಗಾಡಿ ತಾನಾಗಿ ನುಗ್ಗಿ ಬೆಂಚು ಮುರಿಯಿತಲ್ಲ, ಅವತ್ತಿನಿಂದ. ನನ್ನ ಕಾಲು ಬ್ರೇಕ್ ಮೇಲೆಯೇ ಇತ್ತು. ಇವಳು ಆಗಷ್ಟೇ ಬೆಂಚಿನಿಂದ ಎದ್ದಿದ್ದಳು, ಪುಣ್ಯ. ಆ ಹೊಡೆತಕ್ಕೆ ಒಳಗೆ ಏನೋ ಕೆಟ್ಟಿದೆ. ಬಂಪರ್ ಬದಲಾಯಿಸಿ ಕೈ ತೊಳೆದುಕೊಂಡರು ಶೋರೂಮಿನ ಕಳ್ಳರು.

ಜೂನ್ 9, ಮಧ್ಯಾಹ್ನ

ಶೋರೂಮಿಗೆ ಫೋನ್. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ —

"ಸರ್, ಎಕೋ ಮೋಡ್‌ನಲ್ಲಿ ಇಟ್ಟಿದೀರಾ?"

"ಅಪ್ಪಾ, ನೀನು ಹುಟ್ಟೋ ಮುಂಚೆಯಿಂದ ಗಾಡಿ ಓಡಿಸ್ತಿದೀನಿ."

"ಅದಲ್ಲ ಸರ್, ಹಸಿರು ಎಲೆ ಥರ ಒಂದು ಲೈಟು..."

ಮೈ ಉರಿದುಹೋಯಿತು. ಮೂರು ಪುಟದ ಪತ್ರ ಬರೆದೆ. ದಿನದ ಓಡಾಟಕ್ಕೇ ಸಾಲದ ಗಾಡಿ ಮಾರುವುದು ಮೋಸವಲ್ಲದೆ ಇನ್ನೇನು? ಮೋಸ ಅನ್ನುವ ಪದಕ್ಕೆ ಎರಡು ಗೆರೆ ಎಳೆದೆ. ಫೋಟೋ ತೆಗೆದು ಕಳಿಸಿದ ಮೇಲೆ, ಶುಕ್ರವಾರ ತನ್ನಿ ಅಂದರು. ಮಗಳೂ ಬರುತ್ತಾಳಂತೆ. "ಬೆಳಗ್ಗೆ ನಾನೇ ಗಾಡಿ ತೊಳೆಸ್ಕೊಂಡು ಬರ್ತೀನಿ ಅಪ್ಪಾ" ಅಂತ ಗುರುವಾರವೇ ಬಂದು ಕೀ ಒಯ್ಯುತ್ತಾಳಂತೆ. ಅಷ್ಟಾದರೂ ಅಕ್ಕರೆ ಇದೆ.

ಜೂನ್ 12

ಮಾನ ಹೋಯಿತು.

ಸರ್ವಿಸ್‌ನವನು ಓಡಿಸಿದ. ನಾನು ಪಕ್ಕದಲ್ಲಿ, ಮಗಳು ಹಿಂದೆ. ಅರವತ್ತಕ್ಕೆ ಐದೂವರೆಗಿಂತ ಒಂದು ಚೂರು ಕಡಿಮೆ! ನಾನೂ ಓಡಿಸಿದೆ. ಬೆನ್ನು ಸೀಟಿಗೆ ಅಂಟಿತು. "ದಿನದ ಓಡಾಟಕ್ಕೆ ಇದು ಧಾರಾಳ ಸರ್" ಅಂದ. ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಕಂಡಿತು. ಮಗಳಾದರೂ ನನ್ನ ಪರ ಒಂದು ಮಾತು ಆಡಬೇಕಿತ್ತು. ಕಿಟಕಿಯಾಚೆ ನೋಡುತ್ತ ಕೂತಿದ್ದಳು. ರಾತ್ರಿಯೂಟಕ್ಕೆ ಇಲ್ಲೇ ಇರು ಅಂದರೂ ನಿಲ್ಲದೆ, ಗಾಡಿ ಒಳಗೆ ಇಟ್ಟು ಕೀ ಕೊಟ್ಟು ಹೋದಳು.

ಜೂನ್ 13

ಮತ್ತೆ ಹತ್ತು ಸೆಕೆಂಡ್!! ನೆಂಟರ ಮುಂದೆ ಮಾತ್ರ ಪದ್ಯ ಒಪ್ಪಿಸುವ ಮಗುವಿನ ಹಾಗೆ ಆಡುತ್ತದೆ ಈ ಗಾಡಿ. ನನ್ನ ಮೇಲೇ ಅದಕ್ಕೆ ಹಗೆ.

ಜೂನ್ 14, ಮಧ್ಯಾಹ್ನ 3

ಇವಳ ಚಪ್ಪಲಿಯ ಮಣ್ಣು ಕೊಡವೋಣ ಅಂತ ಮ್ಯಾಟುಗಳನ್ನೆಲ್ಲ ಎತ್ತಿದೆ. ನನ್ನ ಮ್ಯಾಟಿನಡಿ, ಆಕ್ಸಿಲರೇಟರ್‌ನ ನೇರಕ್ಕೆ, ಕಪ್ಪು ರಬ್ಬರ್ ತುಂಡು. ಯಾರೋ ಅಂಟು ಹಾಕಿ ಕೂರಿಸಿದ್ದಾರೆ. ಹಳೇ ಟಯರಿನಿಂದ ಕೊಯ್ದದ್ದು. ಮೂಲೆಯಲ್ಲಿ ಚಾಕು ಜಾರಿದ ಗೀರು. ಜಾರಿದ್ದು ನನ್ನ ಕೈಯಿಂದಲೇ, ಇಪ್ಪತ್ತು ವರ್ಷದ ಹಿಂದೆ.

ಕಡಿವಾಣ. ಸ್ಕೂಲಿನಲ್ಲಿ ಅದಕ್ಕೆ ನಾನೇ ಇಟ್ಟ ಹೆಸರು. ಹೊಸದಾಗಿ ಕಲಿಯುವವರು ಗಾಬರಿಯಲ್ಲಿ ಪೂರ್ತಿ ಒತ್ತಿಬಿಡದಂತೆ ಪೆಡಲ್ ಕೆಳಗೆ ಇಡುವುದು. ಅರ್ಧಕ್ಕೆ ನಿಲ್ಲುತ್ತದೆ. ಸಾವಿರಾರು ಜನಕ್ಕೆ ಇಟ್ಟಿದ್ದೇನೆ, ಒಮ್ಮೆಯೂ ಅದರ ಮೇಲೆ ಕಾಲಿಟ್ಟವನಲ್ಲ. ನಾನು ಯಾವಾಗಲೂ ಪಕ್ಕದ ಸೀಟು. ಗುರುತು ಸಿಗುವುದಾದರೂ ಹೇಗೆ?

ಸಂಜೆ 6

ಮಗಳನ್ನು ಕರೆಸಿದೆ. ಕೇಳಿದೆ. ಅಡ್ಡಿಯಿಲ್ಲದೆ ಒಪ್ಪಿಕೊಂಡಳು.

"ಹೌದು, ನಾನೇ ಇಟ್ಟಿದ್ದು. ಬೆಂಚು ಮುರಿದ ಮಾರನೇ ದಿನ. ಶೋರೂಮಿಗೆ ಹೋಗುವಾಗ ತೆಗೆದೆ, ಬಂದ ಮೇಲೆ ಮತ್ತೆ ಇಟ್ಟೆ."

"ಕಲಿಯೋರಿಗೆ ಇಡೋದನ್ನ ನನಗಾ? ನಿನಗೆ ಕಲಿಸಿದವನಿಗಾ?"

"ಮತ್ತೇನು ಮಾಡ್ಲಿ? ಕೀ ಕಿತ್ಕೊಳ್ಳೋಕೆ ನನಗೆ ಧೈರ್ಯ ಸಾಲ್ಲಿಲ್ಲ ಅಪ್ಪಾ."

"ಇದರಿಂದ ನಿಮ್ಮಮ್ಮ ಲಾರಿ ಬಾಯಿಗೆ ಬೀಳ್ತಿದ್ಲು, ಗೊತ್ತಾ?"

"ಅದಕ್ಕೇ ಅಲ್ವಾ ಒಳರಸ್ತೆ, ಒಳರಸ್ತೆ ಅಂತ ಬಡ್ಕೊಂಡಿದ್ದು!"

ಅಳುತ್ತಿದ್ದಳು. ಅಳಲಿ. ಬಾಗಿಲು ತೋರಿಸಿದೆ. ಇವಳಿಗೂ ಗೊತ್ತಿತ್ತಂತೆ. ಸ್ಟಾಪ್‌ವಾಚ್ ಹಿಡಿದು ಹತ್ತು, ಹತ್ತೂವರೆ ಅಂತ ಓದಿ ಹೇಳಿದಳಲ್ಲ, ಮಹಾತಾಯಿ! ನನ್ನ ಮನೆಯಲ್ಲೇ ನಾನು ಎಲ್‌ ಬೋರ್ಡು.

ಜೂನ್ 23

ಎಂಟು ದಿನ ಬರೆಯಲಿಲ್ಲ. ಮಗಳ ಜೊತೆ ಮಾತಿಲ್ಲ.

ಕಡಿವಾಣ ಕಿತ್ತು ಡ್ರಾಯರಿಗೆ ಎಸೆದಿದ್ದೇನೆ. ಗಾಡಿ ಎಷ್ಟು ಚೆನ್ನಾಗಿದೆ! ಏರಿನಲ್ಲಿ ಲಾರಿಗಳು ಹಿಂದೆ ಚುಕ್ಕಿ. ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ಹೊರಟು, ಬೇಕೆಂದಾಗ ಎಂಜಿನ್ ಕೈಜೋಡಿಸುತ್ತದೆ. ಆ ಮೂರು ಪುಟದ ಪತ್ರ ನೆನೆದರೆ ನಾಚಿಕೆ.

ಆದರೆ ಇವಳ ಕಾಲು. ಪಕ್ಕದಲ್ಲಿ ಕೂತು, ಪ್ರತಿ ಸಿಗ್ನಲ್ಲಿಗೆ, ಪ್ರತಿ ಗೇಟಿಗೆ, ನೆಲವನ್ನು ಒತ್ತುತ್ತಾಳೆ. ನೋವಿರುವ ಮಂಡಿಯಲ್ಲೇ. ಸ್ಕೂಲಿನ ಗಾಡಿಯಲ್ಲಿ ನನ್ನ ಬ್ರೇಕ್ ಇರುತ್ತಿದ್ದ ಜಾಗ ಅದು. ಇಲ್ಲಿ ಬರೀ ಮ್ಯಾಟು.

"ಏನೇ ಅದು ಕಾಲು?"

"ಏನಿಲ್ಲ ರೀ. ಮಂಡಿಗೆ ಹೇಳ್ಕೊಟ್ಟ ವ್ಯಾಯಾಮ."

ಮದುವೆಯಾಗಿ ಮೂವತ್ತೆಂಟು ವರ್ಷ. ನಾನು ಓಡಿಸುವಾಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದವಳು. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಜೂನ್ 25, ಮಧ್ಯಾಹ್ನ 12

ಕ್ಲಿನಿಕ್ ಮುಂದೆ ಹೊಸ ಬೆಂಚು ಹಾಕಿದ್ದಾರೆ. ಇವಳನ್ನು ಬಾಗಿಲಲ್ಲಿ ಇಳಿಸಿ ಗಾಡಿ ನಿಲ್ಲಿಸಲು ಹೋದೆ. ನಿಧಾನ. ಬ್ರೇಕ್ ಒತ್ತಿದೆ. ಗಾಡಿ ಮುಂದೆ ಹಾರಿತು. ಇನ್ನೂ ಒತ್ತಬೇಕು ಅನ್ನಿಸಿತು, ಅಷ್ಟರಲ್ಲಿ ಈ ಸಲ ಕೆಳಗೆ ನೋಡಿದೆ.

ಕಾಲು ಬ್ರೇಕ್ ಮೇಲೆ ಇರಲಿಲ್ಲ.

ಕಾಲು ಕಿತ್ತು ಬ್ರೇಕ್ ತುಳಿದೆ. ಬೆಂಚಿಗೂ ಗಾಡಿಗೂ ನಡುವೆ ಒಂದು ಗೇಣು ಉಳಿಯಿತು. ಬೆಂಚಿನ ಮೇಲೆ ಯಾರೋ ತಾಯಿ, ಮಡಿಲಲ್ಲಿ ಮಗು. ಬೈಯಲೂ ಇಲ್ಲ, ನೋಡುತ್ತ ಕೂತಳು. ಲಾರಿಯವನೇ ವಾಸಿ. ಇವಳು ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು.

ಒಳರಸ್ತೆಯಲ್ಲಿ ಮನೆಗೆ ಬಂದೆವು.

ಜೂನ್ 26, ಸಂಜೆ 4

ಶೋರೂಮಿನಿಂದ ಫೋನ್. ಹೆಣ್ಣು ದನಿ. "ಪಿಕಪ್ ಬಗ್ಗೆ ದೂರು ಕೊಟ್ಟಿದ್ರಿ ಸರ್. ಈಗ ಹತ್ತಕ್ಕೆ ಎಷ್ಟು ಕೊಡ್ತೀರಾ?"

"ಹತ್ತು ಹಾಕಮ್ಮ. ದಿನದ ಓಡಾಟಕ್ಕೆ ಧಾರಾಳ."

"ಬೇರೆ ಏನಾದ್ರೂ ದೂರು?"

"ಗಾಡಿ ಮೇಲೆ ಏನೂ ಇಲ್ಲ."

ಮಗಳನ್ನು ಬರಹೇಳಿದ್ದೇನೆ. ಇವಳಿಗೆ ಐದಕ್ಕೆ ಮತ್ತೆ ಕ್ಲಿನಿಕ್. ಕಾಲು ತಪ್ಪಿದವರಿಗೆ ಸ್ಕೂಲಿನಲ್ಲಿ ನಾನು ಹೇಳುತ್ತಿದ್ದುದು ಒಂದೇ ಮಾತು — "ಇವತ್ತಿಗೆ ಸಾಕು, ಇಳೀರಿ, ಈ ಕಡೆ ಬನ್ನಿ." ಎಷ್ಟು ಸಲೀಸಾಗಿ ಹೇಳುತ್ತಿದ್ದೆ! ಇಳಿದು ಬರುವವರ ಮುಖ ಒಮ್ಮೆಯೂ ನೋಡಲಿಲ್ಲ. ಆ ಮಾತನ್ನು ಮಗಳ ಬಾಯಿಂದ ಕೇಳುವುದು ನನ್ನಿಂದಾಗದು. ಅವಳಿಂದ ಹೇಳಲೂ ಆಗದು.

ಗೇಟಿನ ಸದ್ದು. ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಹೋಗಿ, ಪಕ್ಕದ ಸೀಟಿನಲ್ಲಿ ಕೂತುಬಿಡಬೇಕು.